ಕೈಯೊಡ್ಡದ ತೀರ್ಥ

ಮಳವಳ್ಳಿ
೧೪ ನವೆಂಬರ್ ೨೦೨೨

ಅಮ್ಮನಿಗೆ ಶುಭಾಳ ನಮಸ್ಕಾರ.

ಮಕ್ಕಳಿಗೆ ಪತ್ರಲೇಖನ ಹೇಳಿಕೊಡಲು ಬೋರ್ಡಿನ ಮೇಲೆ ಬರೆಯುವುದು ಬಿಟ್ಟರೆ ನಾನು ಕಾಗದ ಬರೆದು ಎಷ್ಟೋ ವರ್ಷವಾಯಿತು. ನಿನ್ನ ಫೋನು ಸ್ವಿಚ್ ಆಫ್ ಬರುತ್ತಿದೆ. ಪ್ರಸಾದಣ್ಣನಿಗೆ ಮಾಡಿದರೆ ಅಮ್ಮನಿಗೆ ಜ್ವರ, ಮಲಗಿದ್ದಾಳೆ ಎನ್ನುತ್ತಾನೆ. ಮಾರನೇ ದಿನ ಮಾಡಿದರೂ ಅದೇ ಜ್ವರ.

ಶನಿವಾರ ಸ್ಟಾಫ್ ರೂಮಿನಲ್ಲಿ ನಮ್ಮ ಹಿಂದಿ ಮೇಡಂ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಮದ್ದೂರಿನ ಹತ್ತಿರ ಶಿಂಷಾ ಹೊಳೆ. ಸೊಂಟದ ಮಟ್ಟ ನೀರಿನಲ್ಲಿ ಒಬ್ಬ ಹೆಂಗಸು. ಆಚೀಚೆ ಇಬ್ಬರು ಹಿಡಿದು ಆಕೆಯನ್ನು ಮುಳುಗಿಸಿ ಎತ್ತುತ್ತಾರೆ. ಕೆಳಗೆ ‘ಮಂಡ್ಯದ ಅರ್ಚಕರ ಹೆಂಡತಿ ಮತಾಂತರ’ ಎಂದು ಬರೆದಿತ್ತು. ಮುಖ ಸರಿಯಾಗಿ ಕಾಣಲಿಲ್ಲ. ಸೀರೆ ಕಂಡಿತು. ದೀಪಾವಳಿಗೆ ನಾನು ಕೊಟ್ಟ ಎಲೆಹಸಿರು ಸೀರೆ. ‘ನಿಮ್ಮ ಕಡೆಯವರೇನ್ರೀ?’ ಎಂದರು ಮೇಡಂ. ‘ಗೊತ್ತಿಲ್ಲ, ಯಾರೋ’ ಎಂದೆ.

ಸಂಜೆ ಅಪ್ಪನಿಗೆ ಫೋನು ಮಾಡಿದೆ. ‘ನಿನ್ನ ಅಮ್ಮನನ್ನೇ ಕೇಳು’ ಎಂದು ಅವರು ಇಟ್ಟುಬಿಟ್ಟರು. ಕೇಳುವುದಕ್ಕೆ ಫೋನಿಲ್ಲ, ಅದಕ್ಕೇ ಈ ಕಾಗದ.

ಅದು ನೀನಲ್ಲ ಎಂದು ಒಂದು ಸಾಲು ಬರೆ. ಸೀರೆಯನ್ನು ಯಾರಿಗೋ ಕೊಟ್ಟೆ ಎಂದು ಬರೆ. ನಂಬುತ್ತೇನೆ.

ನಿನ್ನ
ಶುಭಾ


ಮಂಡ್ಯ
೨೨ ನವೆಂಬರ್ ೨೦೨೨

ಮಗಳು ಶುಭಾಳಿಗೆ ಅಮ್ಮನ ಆಶೀರ್ವಾದ.

ಅದು ನಾನೇ.

ಕಾಗದದ ತಲೆಯಲ್ಲಿ ಶ್ರೀಕಾರ ಬರೆಯಲು ಕೈ ತಾನಾಗಿ ಹೋಯಿತು, ತಡೆದೆ. ಇಷ್ಟು ವರ್ಷದ ಅಭ್ಯಾಸ. ನನಗೆ ಜ್ವರ ಬಂದಿಲ್ಲ. ಫೋನನ್ನು ಪ್ರಸಾದ ತೆಗೆದುಕೊಂಡಿದ್ದಾನೆ. ಅಡಿಗೆಮನೆಗೂ ದೇವರಮನೆಗೂ ನಾನು ಹೋಗುವ ಹಾಗಿಲ್ಲ. ಮನೆಯವರೆಲ್ಲ ಹೊರಗೆ ಹೊರಟರೆ ಬಾಗಿಲಿಗೆ ಹೊರಗಿನಿಂದ ಬೀಗ. ಯಾರೂ ಹೊಡೆದಿಲ್ಲ, ಬೈದೂ ಇಲ್ಲ. ಸೊಸೆ ಹೊತ್ತಿಗೆ ಸರಿಯಾಗಿ ತಟ್ಟೆ ತಂದು ಹೊಸ್ತಿಲಾಚೆ ಇಡುತ್ತಾಳೆ. ನಾನು ಈಗ ಇರುವುದು ಹಿತ್ತಲ ಪಡಸಾಲೆಯ ಪಕ್ಕದ ಕೋಣೆಯಲ್ಲಿ. ತಿಂಗಳಿಗೆ ಮೂರು ದಿನ ನಾನೂ ನೀನೂ ಹೊರಗೆ ಕೂರುತ್ತಿದ್ದ ಕೋಣೆ. ಮುಟ್ಟು ನಿಂತು ಎಷ್ಟೋ ಕಾಲವಾದ ಮೇಲೆ ಮತ್ತೆ ಅಲ್ಲಿಗೇ ಬಂದಿದ್ದೇನೆ.

ಹೇಗಾಯಿತು ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ಗುಡಿಗೆ ಹೂವು ತಂದುಕೊಡುತ್ತಿದ್ದ ಬೆಳ್ಳಮ್ಮ ನಿನಗೆ ಗೊತ್ತು. ಗಂಡ ಸತ್ತ ಮೇಲೆ ಅವಳು ಊರಾಚೆಯ ಒಂದು ಪ್ರಾರ್ಥನಾಸಭೆಗೆ ಹೋಗತೊಡಗಿದಳು. ನನಗೆ ಹೇಳಿಯೇ ಹೋದಳು. ಗುಡಿಗೆ ಹೂವು ಕೊಡುವುದನ್ನು ನಿಲ್ಲಿಸಿದಳು, ನನ್ನ ಹತ್ತಿರ ಬರುವುದನ್ನು ನಿಲ್ಲಿಸಲಿಲ್ಲ. ಒಂದು ದಿನ ಸೆರಗಿನಡಿಯಿಂದ ಒಂದು ಪುಸ್ತಕ ತೆಗೆದು, ‘ಅಮ್ನೋರೇ, ಸಭೇಲಿ ಎಲ್ರೂ ಓದ್ತಾರೆ. ನಾನು ತಲೆಕೆಳಗಾಗಿ ಇಡ್ಕಂಡು ಕುಂತಿರ್ತೀನಿ. ನಂಗೂ ನಾಕಕ್ಷರ ಏಳ್ಕೊಡಿ’ ಎಂದಳು. ಮಧ್ಯಾಹ್ನ ನಿಮ್ಮಪ್ಪ ಮಲಗಿದಾಗ ಹಿತ್ತಲಲ್ಲಿ ಕೂತು ಕಲಿಸಿದೆ. ಅವಳ ಹತ್ತಿರ ಇದ್ದದ್ದು ಅದೊಂದೇ ಪುಸ್ತಕ, ಅದರಲ್ಲೇ ಕಲಿಸಬೇಕಾಯಿತು. ಅವಳು ಒಂದೊಂದೇ ಅಕ್ಷರ ಕೂಡಿಸಿಕೊಂಡು ಬರುವ ಹೊತ್ತಿಗೆ ನಾನು ಪುಟ ಮುಗಿಸಿರುತ್ತಿದ್ದೆ.

ವರ್ಷಗಟ್ಟಲೆ ರಕ್ತ ಹೋಗುತ್ತಿದ್ದ ಒಬ್ಬ ಹೆಂಗಸಿನ ಕಥೆ ಅದರಲ್ಲಿದೆ. ಅವಳನ್ನು ಯಾರೂ ಮುಟ್ಟುವ ಹಾಗಿಲ್ಲ. ಅವಳು ಜನರ ನಡುವೆ ನುಸುಳಿ ಹಿಂದಿನಿಂದ ಯೇಸುವಿನ ಬಟ್ಟೆಯ ಅಂಚು ಮುಟ್ಟಿಬಿಡುತ್ತಾಳೆ. ಆತ ನಿಂತು, ಯಾರು ಮುಟ್ಟಿದ್ದು ಎಂದು ಕೇಳುತ್ತಾನೆ. ಇನ್ನು ಬೈಗುಳ ಬಿತ್ತು ಎಂದುಕೊಂಡೆ ನಾನು. ಆತ ಅವಳನ್ನು ‘ಮಗಳೇ’ ಎಂದು ಕರೆದ. ಬೆಳ್ಳಮ್ಮ ಇನ್ನೂ ಮೇಲಿನ ಸಾಲಿನಲ್ಲಿದ್ದಳು. ನಾನು ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಯಾರೂ ನನ್ನನ್ನು ಎಳೆದುಕೊಂಡು ಹೋಗಲಿಲ್ಲ. ಬೆಳ್ಳಮ್ಮನಂತೂ ಬೇಡವೆಂದಳು, ಅಯ್ನೋರ ಗತಿಯೇನು ಎಂದಳು. ಹೊಳೆಗೆ ನನ್ನ ಕಾಲಿನಿಂದಲೇ ಇಳಿದೆ.

ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕುವುದು ನಿಮ್ಮಪ್ಪನೇ. ಓದುವುದಿಲ್ಲ ಎಂದಿದ್ದಾರೆ. ಅವರು ಹೇಳಿದರೆ ಹೇಳಿದ ಹಾಗೆ.

ಸ್ಪಂದನಾಳಿಗೆ ಅಜ್ಜಿ ಕೇಳಿದಳೆಂದು ಹೇಳು. ಹೇಳಬೇಕೆನಿಸಿದರೆ ಮಾತ್ರ.

ಅಮ್ಮ


ಮಳವಳ್ಳಿ
೧೩ ಡಿಸೆಂಬರ್ ೨೦೨೨

ಅಮ್ಮಾ,

ಭಾನುವಾರ ಬಂದಾಗ ಕೋಣೆಯ ಹೊರಗೆ ಮಣೆ ಹಾಕಿಕೊಂಡು ಕೂತೆನಲ್ಲ, ಆಗ ಹೇಳಬೇಕೆಂದು ಇದ್ದದ್ದನ್ನು ಹೇಳಲಾಗಲಿಲ್ಲ. ಅತ್ತಿಗೆ ಅಲ್ಲೇ ಓಡಾಡುತ್ತಿದ್ದಳು. ನೀನೂ ಸ್ಪಂದನಾಳ ಪರೀಕ್ಷೆಯ ವಿಷಯವನ್ನೇ ಮಾತಾಡಿದೆ.

ಶುಕ್ರವಾರ ಧನುರ್ಮಾಸ ಹಿಡಿಯುತ್ತದೆ. ಚಳಿಯಲ್ಲಿ ಎಲ್ಲರಿಗಿಂತ ಮೊದಲೆದ್ದು ಹುಗ್ಗಿ ಬೇಯಿಸುತ್ತಿದ್ದವಳು ನೀನು. ನಿನ್ನ ಹೆಸರೇ ಗೋದಾ. ಧನುರ್ಮಾಸದ ವ್ರತ ಹಿಡಿದ ಆ ಗೋದಾದೇವಿಯ ಹೆಸರು ಇಟ್ಟುಕೊಂಡವಳು ಆ ತಿಂಗಳಲ್ಲೇ ಹೊರಗಿನ ಕೋಣೆಯಲ್ಲಿ! ಅಪ್ಪನನ್ನು ಗುಡಿಯಿಂದ ದೂರ ಇಡಬೇಕೆಂದು ಕಮಿಟಿಯಲ್ಲಿ ಮಾತು ಎದ್ದಿದೆಯಂತೆ. ಮನೆಯಲ್ಲೇ ಹೀಗಾದರೆ ಅವರು ಮುಟ್ಟಿದ ಪ್ರಸಾದವನ್ನು ಜನ ಹೇಗೆ ತೆಗೆದುಕೊಳ್ಳಬೇಕು ಎನ್ನುತ್ತಾರಂತೆ ಕಮಿಟಿಯ ಅಧ್ಯಕ್ಷ ರಘುನಂದನ್.

ನಾನು ಕೇಳುವುದು ದೊಡ್ಡದೇನಲ್ಲ. ಕಮಿಟಿಯವರು ಮಾತಾಡಲು ಮನೆಗೆ ಬಂದಾಗ ತಪ್ಪಾಯಿತು ಎನ್ನು. ತೀರ್ಥ ತೆಗೆದುಕೋ. ಒಂದು ಗುಟುಕು ನೀರು ಅಷ್ಟೇ. ಒಳಗೆ ಯಾರನ್ನು ಬೇಕಾದರೂ ನಂಬಿಕೋ, ನಿನ್ನ ಎದೆ ಬಗೆದು ನೋಡುವವರು ಯಾರಿದ್ದಾರೆ? ನಾವೆಲ್ಲ ಹಾಗೇ ಬದುಕುತ್ತಿಲ್ಲವೇ? ನನ್ನ ಅತ್ತೆಯ ಮನೆಯಲ್ಲಿ ನಾನು ಮಾಡುವ ಅರ್ಧ ಕೆಲಸ ನಾನು ನಂಬಿ ಮಾಡುವುದಲ್ಲ. ಮಾಡುತ್ತೇನೆ, ಮನೆ ನಡೆಯುತ್ತದೆ.

ನಿನ್ನ ದೇವರು ಅಷ್ಟೂ ಅರ್ಥ ಮಾಡಿಕೊಳ್ಳದವನೇ?

ಶುಭಾ


ಮಂಡ್ಯ
೪ ಜನವರಿ ೨೦೨೩

ಮಗಳೇ ಶುಭಾ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ನೀನು ಕೊನೆಯಲ್ಲಿ ಕೇಳಿದ್ದನ್ನೇ ನಾನೂ ಕೇಳಿಕೊಳ್ಳುತ್ತಿದ್ದೆ. ಅರ್ಥ ಮಾಡಿಕೊಳ್ಳುತ್ತಾನೆ ಎಂದೇ ಅನ್ನಿಸುತ್ತಿತ್ತು. ಕೈಯೊಡ್ಡಿಬಿಡೋಣ ಎಂದು ನಿಶ್ಚಯ ಮಾಡಿಕೊಂಡೇ ನಡುಮನೆಗೆ ಹೋದೆ ಎಂದರೆ ನೀನು ನಂಬಬೇಕು.

ವೈಕುಂಠ ಏಕಾದಶಿಗೆ ಮೊದಲು ಇತ್ಯರ್ಥವಾಗಲಿ ಎಂದು ರಘುನಂದನ್ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದಿದ್ದರು. ಗೌರವದಿಂದಲೇ ಮಾತಾಡಿದರು. ನನಗೆ ಯಾರೋ ಮಂಕುಬೂದಿ ಎರಚಿದ್ದಾರೆ, ಅದು ನನ್ನ ತಪ್ಪಲ್ಲ ಎಂದರು. ಒಂದು ದೂರನ್ನು ಬರೆಸಿಯೇ ತಂದಿದ್ದರು. ಹೂವಿನ ಬೆಳ್ಳಮ್ಮ ಆಸೆ ತೋರಿಸಿ, ಹೆದರಿಸಿ ನನ್ನನ್ನು ಮತಾಂತರ ಮಾಡಿಸಿದಳು ಎಂದು ಅದರಲ್ಲಿತ್ತು. ಈಗಿನ ಕಾನೂನಿನಲ್ಲಿ ಅವಳು ವರ್ಷಗಟ್ಟಲೆ ಒಳಗಿರಬೇಕಾಗುತ್ತದಂತೆ. ‘ಸಹಿ ಹಾಕಿ, ತೀರ್ಥ ತಗೊಳ್ಳಿ. ಇಲ್ಲಿಗೆ ಮುಗೀತು. ನಾಳೆಯಿಂದ ನೀವು ನಮ್ಮ ಗೋದಮ್ಮನೋರೇ’ ಎಂದರು.

ತೀರ್ಥದ ಬಟ್ಟಲು ಹಿಡಿದು ನಿಂತಿದ್ದವರು ನಿಮ್ಮಪ್ಪ.

ಅವರ ಕೈಯಿಂದ ತೀರ್ಥ ತೆಗೆದುಕೊಂಡೇ ನಾನು ಈ ಮನೆಯಲ್ಲಿ ಮುದುಕಿಯಾದವಳು. ಅವರು ಉದ್ಧರಣೆಯಲ್ಲಿ ತೀರ್ಥ ಎತ್ತಿದರು. ಅವರ ಮುಖ ನೋಡಿದೆ. ಶುಭಾ, ಅವರು ನಂಬಿ ಕೊಡುತ್ತಿದ್ದರು. ಅದು ಅವರಿಗೆ ಒಂದು ಗುಟುಕು ನೀರಲ್ಲ. ಅದನ್ನು ಸುಮ್ಮನೆ ನೀರೆಂದುಕೊಂಡು ಕುಡಿದರೆ ಅವರ ದೇವರಿಗೂ ಸುಳ್ಳು, ನನ್ನ ಕರ್ತನಿಗೂ ಸುಳ್ಳು. ಕೈ ಮುಂದಕ್ಕೆ ಬರಲಿಲ್ಲ.

‘ನಿಮ್ಮ ಮುಂದೆ ಸುಳ್ಳಾಗಿ ಕೈಯೊಡ್ಡಲಾರೆ. ಕ್ಷಮಿಸಿ’ ಎಂದೆ. ರಘುನಂದನರಿಗೆ, ಬೆಳ್ಳಮ್ಮ ನನಗೆ ಏನೂ ಕಲಿಸಲಿಲ್ಲ, ಅವಳಿಗೆ ಓದು ಕಲಿಸಿದವಳು ನಾನು, ದೂರು ಬರೆಯುವುದಾದರೆ ನನ್ನ ಮೇಲೆ ಬರೆಯಿರಿ ಎಂದೆ. ನಿಮ್ಮಪ್ಪನ ಕೈಯಲ್ಲಿದ್ದ ಉದ್ಧರಣೆ ಓರೆಯಾಗಿ ತೀರ್ಥ ನೆಲಕ್ಕೆ ಚೆಲ್ಲಿತು. ಅವರು ಬಗ್ಗಿ ಉತ್ತರೀಯದಿಂದ ಒರೆಸಿ ಕಣ್ಣಿಗೊತ್ತಿಕೊಂಡರು. ಬಂದವರು ಎದ್ದು ಹೋದರು.

ಮೊನ್ನೆ ಏಕಾದಶಿಯ ದಿನ ಊರೆಲ್ಲ ಗುಡಿಯ ಮುಂದೆ ಸಾಲು ನಿಂತಿತ್ತು. ಬೇರೆ ಯಾರೋ ಬಂದು ಪೂಜೆ ಮಾಡಿದರಂತೆ. ನಿಮ್ಮಪ್ಪ ಮಡಿಯುಟ್ಟು ನಡುಮನೆಯಲ್ಲಿ ಕೂತೇ ಇದ್ದರು. ಅಲ್ಲಿಯ ಗಂಟೆಯ ಸದ್ದು ಇಲ್ಲಿಗೆ ಕೇಳುತ್ತದೆ. ನನ್ನ ಕೋಣೆಯಿಂದ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

ನಾನು ಮಾಡಿದ್ದು ಸರಿ ಎಂದು ಬರೆದರೆ ಅವರ ಬೆನ್ನು ಕಣ್ಣ ಮುಂದೆ ಬರುತ್ತದೆ. ತಪ್ಪು ಎಂದು ಬರೆಯಲೂ ಆಗುವುದಿಲ್ಲ.

ಅಮ್ಮ


ಮಳವಳ್ಳಿ
೨೦ ಜನವರಿ ೨೦೨೩

ಅಮ್ಮಾ,

ಅಪ್ಪನನ್ನು ಗುಡಿಯಿಂದ ತೆಗೆದದ್ದು ಇಲ್ಲಿಗೂ ತಿಳಿಯಿತು. ನಮ್ಮತ್ತೆ ಈಗ ದೇವರ ದೀಪ ಹಚ್ಚಲು ನನ್ನನ್ನು ಕರೆಯುವುದಿಲ್ಲ. ತಾವೇ ಎದ್ದು ಹಚ್ಚುತ್ತಾರೆ. ಶಾಲೆಯಲ್ಲಿ ಸ್ಪಂದನಾಳ ಗೆಳತಿಯರು, ನಿಮ್ಮಜ್ಜಿ ಚರ್ಚಿಗೆ ಹೋಗ್ತಾರಂತೆ ಎಂದು ನಗುತ್ತಾರಂತೆ.

ನೀನು ಗಟ್ಟಿಯಾಗಿದ್ದೀಯ, ಒಪ್ಪಿದೆ. ಅದರ ಭಾರ ಹೊತ್ತವರು ನಾವು. ಸದ್ಯಕ್ಕೆ ನನಗೆ ಕಾಗದ ಬರೆಯಬೇಡ. ಅಂಚೆಯವನು ಕೊಡುವುದು ಅತ್ತೆಯ ಕೈಗೆ.

ಶುಭಾ


ಮಂಡ್ಯ
೧೬ ಮಾರ್ಚ್ ೨೦೨೩

ಶುಭಾ,

ನೀನು ಬೇಡವೆಂದ ಮೇಲೂ ಬರೆಯುತ್ತಿದ್ದೇನೆ. ಶಾಲೆಯ ವಿಳಾಸಕ್ಕೆ ಹಾಕಿಸುತ್ತೇನೆ.

ಪ್ರಸಾದ ತಾನೇ ಮಗನೆಂದು ಬರೆದು ದೂರು ಕೊಟ್ಟಿದ್ದಾನೆ. ಬೆಳ್ಳಮ್ಮನನ್ನು ಠಾಣೆಗೆ ಕರೆಸಿ ಕೂರಿಸಿ, ಸಂಜೆಗೆ ಕಳಿಸುತ್ತಾರಂತೆ. ಮತ್ತೆ ಕರೆಸುತ್ತಾರಂತೆ. ಹಾಲಿನ ಬೆಟ್ಟಮ್ಮ ಹಿತ್ತಲ ಗೋಡೆಯಾಚೆ ನಿಂತು ಹೇಳಿದಳು. ಅವರ ಸಭೆಗೆ ಜನ ನುಗ್ಗಿ ಕುರ್ಚಿ ಮುರಿದರಂತೆ. ಮನೆಯ ಯಜಮಾನ ಬಾಡಿಗೆಗೆ ಕೊಟ್ಟ ಜಾಗ ಬಿಡಿಸಿಕೊಂಡನಂತೆ. ನಾನು ಠಾಣೆಗೆ ಹೋಗಿ ನಿಜ ಹೇಳುತ್ತೇನೆಂದು ಬೇಡಿಕೊಂಡೆ. ‘ನಿನ್ನ ಬುದ್ಧಿ ಸ್ವಾಧೀನದಲ್ಲಿಲ್ಲ, ಡಾಕ್ಟರ ಹತ್ತಿರ ಬರೆಸಿಕೊಂಡು ಬರ್ತೀನಿ’ ಎಂದ ಪ್ರಸಾದ. ಅವನ ಕಣ್ಣಲ್ಲೂ ನೀರಿತ್ತು. ನನ್ನನ್ನು ಉಳಿಸಿಕೊಳ್ಳುತ್ತಿದ್ದೇನೆ ಎಂದೇ ಅವನು ತಿಳಿದಿರುವುದು.

ನೀನು ನನ್ನನ್ನು ಗಟ್ಟಿ ಎಂದೆ. ಗಟ್ಟಿಯಿಲ್ಲ. ಪುಸ್ತಕವನ್ನು ತೆಗೆದುಕೊಂಡುಬಿಟ್ಟಿದ್ದಾರೆ. ಪ್ರಾರ್ಥನೆಗೆ ಕೂತರೆ ಮಾತು ಹೊರಡುವುದಿಲ್ಲ, ಬಾಯಿಗೆ ಬರುವುದು ಚಿಕ್ಕಂದಿನ ಸ್ತೋತ್ರಗಳೇ. ಅವು ಬಂದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತೇನೆ. ಹಳೆಯದನ್ನು ಹೇಳುವ ಹಾಗಿಲ್ಲ, ಹೊಸದು ಇನ್ನೂ ನಾಲಿಗೆಗೆ ಕೂತಿಲ್ಲ. ದಿನವೆಲ್ಲ ಹೀಗೆ ಸುಮ್ಮನೆ ಗೋಡೆ ನೋಡಿಕೊಂಡಿರುತ್ತೇನೆ. ಕರ್ತನೇ, ಇದ್ದೀಯಾ ಎಂದು ಕೇಳುತ್ತೇನೆ. ಉತ್ತರ ಬಂತೆಂದು ನಿನಗೆ ಸುಳ್ಳು ಬರೆಯಲಾರೆ. ಆದರೂ ಮಾರನೇ ದಿನ ಮತ್ತೆ ಕೇಳುತ್ತೇನೆ.

ನನಗಾಗಿ ಏನೂ ಮಾಡಬೇಡ. ಬೆಳ್ಳಮ್ಮನಿಗೆ ಯಾರಾದರೂ ವಕೀಲರನ್ನು ನೋಡು.

ಅಮ್ಮ


ಮಂಡ್ಯ
೨೭ ಏಪ್ರಿಲ್ ೨೦೨೩

ಚಿ. ಸೌ. ಶುಭಾಳಿಗೆ ತಂದೆ ತಿರುನಾರಾಯಣನ ಆಶೀರ್ವಾದಗಳು.

ನಿನ್ನ ತಾಯಿಯ ಕಾಗದಗಳನ್ನು ಡಬ್ಬಿಗೆ ಹಾಕಿದ್ದೇನೆಯೇ ಹೊರತು ನಾನು ನಿನಗೆ ಬರೆದಿರಲಿಲ್ಲ. ನಿನ್ನ ಅಣ್ಣನ ಬಾಯಿಂದ ನಿನಗೆ ಒಂದು ವಿಷಯ ಬೇರೆ ರೀತಿಯಲ್ಲಿ ಮುಟ್ಟಬಹುದು. ಆದ್ದರಿಂದ ನಡೆದದ್ದನ್ನು ನಾನೇ ತಿಳಿಸುತ್ತೇನೆ.

ದೂರಿಗೆ ಗಂಡನ ಹೇಳಿಕೆ ಬೇಕೆಂದು ಸೋಮವಾರ ಠಾಣೆಗೆ ಕರೆದರು. ಪ್ರಸಾದನೂ ರಘುನಂದನರೂ ಜೊತೆಗಿದ್ದರು. ಏನು ಹೇಳಬೇಕೆಂದು ದಾರಿಯಲ್ಲಿ ತಿಳಿಸಿದರು. ಹೇಳಿದರೆ ಮರುದಿನ ರಾಮಾನುಜರ ತಿರುನಕ್ಷತ್ರದ, ಅವರ ಹುಟ್ಟಿದ ದಿನದ, ಪೂಜೆಗೆ ಮತ್ತೆ ಗುಡಿಗೆ ಬರಬಹುದು ಎಂದರು. ಅದು ಸಣ್ಣ ಮಾತಲ್ಲ. ಗುಡಿಯ ಸ್ವಾಮಿ ಪೆರುಮಾಳನ್ನು ಮುಟ್ಟದೆ ನಾಲ್ಕು ತಿಂಗಳಾಗುತ್ತ ಬಂದಿದೆ. ಊಟ ಬಿಡಬಹುದು, ಇದು ಆಗದು. ನಿನಗೆ ಇದು ಅರ್ಥವಾಗುತ್ತದೋ ಇಲ್ಲವೋ.

ಠಾಣೆಯ ಮೆಟ್ಟಿಲ ಪಕ್ಕದಲ್ಲಿ ಆ ಬೆಳ್ಳಮ್ಮ ಕೂತಿದ್ದಳು. ಬೆಳಿಗ್ಗೆಯೇ ಬಂದು ಕೂತವಳಂತೆ. ನನ್ನನ್ನು ಕಂಡು ಎದ್ದು ನಿಂತಳು. ತನ್ನನ್ನು ಬಿಡಿಸಿ ಎನ್ನುತ್ತಾಳೆ ಎಂದುಕೊಂಡೆ. ‘ಅಯ್ನೋರೇ, ಅಮ್ನೋರು ಸಂದಾಗವ್ರಾ? ಒಟ್ಟೆಗೆ ಸರಿಯಾಗಿ ಉಣ್ತಾವ್ರಾ?’ ಎಂದಳು. ನನ್ನ ಹೆಂಡತಿ ಸರಿಯಾಗಿ ಉಣ್ಣುತ್ತಾಳೋ ಇಲ್ಲವೋ ನಾನು ನೋಡಿರಲಿಲ್ಲ.

ಒಳಗೆ ಇನ್ಸ್‌ಪೆಕ್ಟರು ಕೇಳಿದರು. ನನ್ನ ಹೆಂಡತಿಗೆ ಯಾರೂ ಆಸೆ ತೋರಿಸಿಲ್ಲ, ಯಾರೂ ಹೆದರಿಸಿಲ್ಲ ಎಂದೆ. ಅವಳಿಗೆ ಬುದ್ಧಿ ನೆಟ್ಟಗಿದೆ, ಓದಲು ಬರುತ್ತದೆ, ಓದಿ ತಾನಾಗಿಯೇ ಹೋದಳು ಎಂದೆ. ‘ಸ್ವಾಮಿ, ಯೋಚನೆ ಮಾಡಿ ಹೇಳಿ’ ಎಂದರು ರಘುನಂದನ್. ‘ಸುಳ್ಳು ಹೇಳಿ ಗರ್ಭಗುಡಿಗೆ ಹೋದರೆ ಒಳಗೆ ನಿಂತು ಏನು ಮಾಡಲಿ?’ ಎಂದೆ. ಅದನ್ನೇ ಬರೆದುಕೊಂಡರು, ಸಹಿ ಹಾಕಿದೆ.

ನಿನ್ನ ತಾಯಿಯನ್ನು ನಾನು ಕ್ಷಮಿಸಿದ್ದೇನೆಂದು ತಿಳಿಯಬೇಡ. ನನ್ನ ಸಂಕಟ ಹಾಗೇ ಇದೆ. ಆದರೆ ಅಂದು ಅವಳು ಕೈಯೊಡ್ಡದೆ ನಿಂತದ್ದು ಈಗೀಗ ಬೇರೆ ರೀತಿ ಕಾಣುತ್ತದೆ. ಮನಸ್ಸಿಲ್ಲದೆ ಒಡ್ಡಿದ್ದರೆ ನಾನು ಸಂತೋಷಪಡುತ್ತಿದ್ದೆ, ಗುಡಿಯಲ್ಲಿ ಇರುತ್ತಿದ್ದೆ. ಮೋಸಹೋಗಿದ್ದು ಮಾತ್ರ ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ.

ಪ್ರಸಾದ ನನ್ನೊಡನೆ ಮಾತು ಬಿಟ್ಟಿದ್ದಾನೆ. ಈ ಮನೆಯಲ್ಲಿ ಇನ್ನು ಹೆಚ್ಚು ದಿನ ಇರಲಾಗುವುದಿಲ್ಲ. ಮದ್ದೂರಿನಲ್ಲಿ ಎರಡು ಕೋಣೆ ನೋಡಿದ್ದೇನೆ.

ಇಂತು,
ತಿರುನಾರಾಯಣ


ಮದ್ದೂರು
೧೮ ಜುಲೈ ೨೦೨೩

ಮಗಳೇ,

ನಾವು ಮದ್ದೂರಿಗೆ ಬಂದು ಎರಡು ತಿಂಗಳು ದಾಟಿತು. ನೀನು ಕಳಿಸಿದ ವಕೀಲರು ಒಳ್ಳೆಯವರು. ನಿಮ್ಮಪ್ಪನ ಹೇಳಿಕೆಯಿಂದ ಬೆಳ್ಳಮ್ಮನ ಮೇಲಿನ ಮೊಕದ್ದಮೆ ನಿಲ್ಲುವುದಿಲ್ಲ ಎಂದರು. ಅಷ್ಟರಲ್ಲಿ ಅವಳೇ ಊರು ಬಿಟ್ಟು ಹೋಗಿದ್ದಾಳೆ. ಎಲ್ಲಿ ಎಂದು ಬೆಟ್ಟಮ್ಮನಿಗೂ ತಿಳಿಯದು. ನೀನು ವಕೀಲರನ್ನು ನೋಡಿದ್ದನ್ನು ಒಂದು ಸಾಲಿನಲ್ಲೂ ನನಗೆ ಬರೆಯಲಿಲ್ಲ.

ಇಲ್ಲಿ ಎರಡು ಒಲೆ ಹೂಡಿದ್ದೇವೆ. ನಿಮ್ಮಪ್ಪ ತಮ್ಮದು ತಾವೇ ಮಾಡಿಕೊಳ್ಳುತ್ತಾರೆ. ಮೊದಮೊದಲು ಅನ್ನ ಮುದ್ದೆಯಾಗುತ್ತಿತ್ತು, ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ನಾನು ಗೋಡೆಯ ಈಚೆಯಿಂದ, ಈಗ ಉರಿ ಸಣ್ಣ ಮಾಡಿ ಎನ್ನುತ್ತೇನೆ. ಮಾಡುತ್ತಾರೆ. ಅಲ್ಲೊಂದು ಇಲ್ಲೊಂದು ಗೃಹಪ್ರವೇಶಕ್ಕೆ ಕರೆಯುತ್ತಾರೆ. ವಿಷಯ ತಿಳಿದವರು ಕರೆಯುವುದಿಲ್ಲ. ಸಂಜೆ ಅವರು ಒಳಕೋಣೆಯಲ್ಲಿ ಪಟಕ್ಕೆ ಪೂಜೆ ಮಾಡುವಾಗ ನಾನು ಹೊರಗೆ ಜಗುಲಿಗೆ ಬಂದು ಕೂರುತ್ತೇನೆ. ಮಂತ್ರ ಕೇಳಿಸುತ್ತದೆ. ಒಂದೊಂದು ಸಲ ಅವರು ಅರ್ಧಕ್ಕೆ ನಿಂತುಬಿಡುತ್ತಾರೆ. ಮುಂದಿನ ಸಾಲು ನನಗೆ ಗೊತ್ತು. ಸುಮ್ಮನಿರುತ್ತೇನೆ.

ಇಲ್ಲಿ ಬೀಗವಿಲ್ಲ. ಬಂದ ಮೊದಲ ಭಾನುವಾರ ನಾನಾಗಿಯೇ ಬಸ್ಸು ಹತ್ತಿದೆ. ನಿಡಘಟ್ಟದ ಕಡೆ ಒಂದು ಮನೆಯಲ್ಲಿ ಕೆಲವರು ಸೇರುತ್ತಾರೆಂದು ಹಿಂದೆ ಬೆಳ್ಳಮ್ಮ ಹೇಳಿದ್ದಳು. ಹುಡುಕಿಕೊಂಡು ಹೋದೆ. ಒಳ್ಳೆಯ ಜನ, ಕೂರಿಸಿ ಕಾಫಿ ಕೊಟ್ಟರು. ನಾನು ಯಾರೆಂದು ಹೇಳಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಡಿಯೊ ಅವರೂ ಕಂಡವರೇ. ಹಿರಿಯರೊಬ್ಬರು ಬಾಗಿಲವರೆಗೆ ಬಂದು, ‘ತಾಯಿ, ಬೇಜಾರ್ ಮಾಡ್ಕಬೇಡಿ. ನೀವು ಬಂದ್ರೆ ಗಲಾಟೆ ಮಾಡೋರೂ ಹಿಂದೇನೇ ಬತ್ತಾರೆ. ಮಕ್ಕಳುಮರಿ ಅವೆ. ಒಂದಷ್ಟು ದಿನ ಬುಟ್ಬುಡಿ’ ಎಂದರು. ಅವರನ್ನು ಹೇಗೆ ದೂರಲಿ? ಕೈಮುಗಿದು ಬಂದೆ.

ಮಂಡ್ಯದ ಕೋಣೆಯಲ್ಲಿದ್ದಾಗ ಬಾಗಿಲು ತೆರೆದರೆ ಸಾಕು ಎನಿಸುತ್ತಿತ್ತು. ಈಗ ಯಾವ ಕಡೆಗೆ ಹೊರಟರೂ ಯಾರಿಗೋ ಕೇಡು ತರುತ್ತೇನೆ. ಇಬ್ಬರು ಮೂವರು ನನ್ನ ಹೆಸರಿನಲ್ಲಿ ಸೇರಿದರೆ ಅಲ್ಲಿರುತ್ತೇನೆ ಎಂದು ಯೇಸು ಹೇಳಿದ್ದಾನೆ. ನಾನು ಒಬ್ಬಳೇ. ಭಾನುವಾರ ಬೆಳಿಗ್ಗೆ ಸೀರೆ ಉಟ್ಟು, ಹೊಸದಾಗಿ ಕೊಂಡ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಜಗುಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತೇನೆ. ಬೀದಿಯವರು ನೋಡಿಕೊಂಡು ಹೋಗುತ್ತಾರೆ. ಬಿಡುವುದಿಲ್ಲ ಎಂದು ಮಾತ್ರ ಹೇಳಬಲ್ಲೆ. ಅದಕ್ಕಿಂತ ಹೆಚ್ಚಿನದು ಏನೂ ನನ್ನ ಹತ್ತಿರ ಇಲ್ಲ.

ನಿಮ್ಮಪ್ಪನ ಮಂಡಿನೋವು ಹೆಚ್ಚಾಗಿದೆ. ಆದರೂ ಈ ಕಾಗದ ತೆಗೆದುಕೊಂಡು ಹೋಗಲು ಚಪ್ಪಲಿ ಮೆಟ್ಟಿಕೊಂಡು ಕಾಯುತ್ತಿದ್ದಾರೆ.

ಅಮ್ಮ


ಮಳವಳ್ಳಿ
೨ ಆಗಸ್ಟ್ ೨೦೨೩

ಅಮ್ಮಾ,

ಬರುವ ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ. ಮನೆಯಲ್ಲಿ ಅಪ್ಪನ ಮಂಡಿ ತೋರಿಸಿಕೊಂಡು ಬರುತ್ತೇನೆಂದು ಹೇಳಿದ್ದೇನೆ. ಅತ್ತೆ ಏನೂ ಕೇಳಲಿಲ್ಲ. ಕೇಳದೆ ಇರುವುದು ಅವರ ರೀತಿ.

ನಾನು ನಿನ್ನ ಹಾದಿಗೆ ಬಂದೆನೆಂದು ಆಸೆ ಇಟ್ಟುಕೊಳ್ಳಬೇಡ. ನನಗೆ ಆ ನಂಬಿಕೆ ಇಲ್ಲ. ನಮ್ಮ ಮನೆಯ ನಂಬಿಕೆ ನನ್ನಲ್ಲಿ ಎಷ್ಟಿದೆಯೋ ಅದೂ ಈ ವರ್ಷ ಗೊತ್ತಾಗದೆ ಹೋಗಿದೆ. ನೀನು ಗಟ್ಟಿಯಾಗಿ ಓದು. ನಾನು ಪಕ್ಕದಲ್ಲಿ ಕೂರುತ್ತೇನೆ. ಕೈಜೋಡಿಸುವುದಿಲ್ಲ, ಆಮೆನ್ ಎನ್ನುವುದಿಲ್ಲ. ಯಾವ ಹೆಸರಿನಲ್ಲಿ ಕೂತೆ ಎಂದು ನನ್ನನ್ನು ಕೇಳಬಾರದು.

ಇಬ್ಬರಾಗುತ್ತೇವಲ್ಲ. ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ನಿನ್ನ ದೇವರು ನೋಡಿಕೊಳ್ಳಲಿ.

ಶುಭಾ